916 ಚಿನ್ನದಲ್ಲಿ ನೂರಕ್ಕೆ ಎಷ್ಟು ಆಟಮ್ ತಾಮ್ರದ್ದು?

ಓದುಗರ ಪ್ರಶ್ನೆ: ನಾನು ಪೊನ್ನಂಪೇಟೆಲಿ ಇಂಜಿನಿಯರಿಂಗ್ ಓದ್ತಿದೀನಿ ಸರ್. ಅಕ್ಕನ ಮದುವೆಗೆ ವಿರಾಜಪೇಟೆಲಿ ಮಾಡಿಸಿದ ಪತ್ತಾಕ್ (ಕೊಡವರ ಚಿನ್ನದ ಪದಕ) 916 ಅಂದ್ರು. ಉಳಿದ 8.4 ಪರ್ಸೆಂಟ್ ಪೂರ್ತಿ ತಾಮ್ರ ಅಂತ ಇಟ್ಕೊಂಡ್ರೆ ನೂರು ಆಟಮ್‌ನಲ್ಲಿ ಎಂಟೇ ತಾಮ್ರದ್ದಾ? ಡೆನ್ಸಿಟಿ ಲೆಕ್ಕ ಹಾಕೋವಾಗ ವೇಕೆನ್ಸಿನೂ (ಆಟಮ್ ಇಲ್ಲದ ಖಾಲಿ ಜಾಗ) ಕಳೀಬೇಕಾ?

ಎಂಟಲ್ಲಮ್ಮ, ಇಪ್ಪತ್ತೆರಡು! ಬಹಳ ಜನ ಎಡವೋದು ಇಲ್ಲೇ, ಅದಕ್ಕೆ ಇದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

916 ಅನ್ನೋದು ತೂಕದ ಲೆಕ್ಕ, ಸಾವಿರ ಗ್ರಾಂನಲ್ಲಿ 916 ಗ್ರಾಂ ಚಿನ್ನ ಅಂತ ಅಷ್ಟೆ. ಆದ್ರೆ ಚಿನ್ನದ ಒಂದು ಆಟಮ್ ತಾಮ್ರದ್ದಕ್ಕಿಂತ ಮೂರು ಪಟ್ಟು ಭಾರ, 196.97 ಎಲ್ಲಿ 63.55 ಎಲ್ಲಿ. ಕಿತ್ತಳೆ ಬುಟ್ಟಿಗೆ ಒಂದು ಕೇಜಿ ನಿಂಬೆಹಣ್ಣು ಸುರಿದ್ರೆ ತೂಕದಲ್ಲಿ ಕಮ್ಮಿ ಅನ್ಸುತ್ತೆ, ಎಣಿಸೋಕೆ ಕೂತ್ರೆ ನಿಂಬೆನೇ ಕೈಗೆ ಸಿಗ್ತಾ ಇರುತ್ತಲ್ಲ, ಹಂಗೆ. ಯಾವಾಗ್ಲೂ 100 ಗ್ರಾಂ ತಗೊಂಡಿದೀನಿ ಅಂತ ಶುರು ಮಾಡಿ. 91.6 ಅನ್ನ 196.97ರಿಂದ ಭಾಗಿಸಿದ್ರೆ 0.465 ಮೋಲ್ ಚಿನ್ನ (ಮೋಲ್ ಅಂದ್ರೆ ಆಟಮ್ ಎಣಿಸೋ ಅಳತೆ, ಡಜನ್ ಇದ್ದಂಗೆ), 8.4 ಅನ್ನ 63.55ರಿಂದ ಭಾಗಿಸಿದ್ರೆ 0.132 ಮೋಲ್ ತಾಮ್ರ, ಒಟ್ಟು 0.597, ಅದರಲ್ಲಿ ತಾಮ್ರದ ಪಾಲು ನೂರಕ್ಕೆ 22.1. ಅಂದ್ರೆ ಅಕ್ಕನ ಪತ್ತಾಕ್‌ನಲ್ಲಿ ಐದರಲ್ಲಿ ಒಂದಕ್ಕಿಂತ ಜಾಸ್ತಿ ಆಟಮ್ ಚಿನ್ನದ್ದೇ ಅಲ್ಲ! ನಂಗಿದು ಈಗ್ಲೂ ಖುಷಿ ಕೊಡೋ ಉತ್ತರ. ತಾಮ್ರದ ಬದಲು ಪೂರ್ತಿ ಬೆಳ್ಳಿ ಹಾಕಿದ್ರೆ 14 ಅಷ್ಟೆ ಬರುತ್ತೆ, ಬೆಳ್ಳಿ ಆಟಮ್ 107.87 ಭಾರ ಇದೆಯಲ್ಲ ಅದಕ್ಕೆ. (ನಿಜವಾಗಿ ಅಕ್ಕಸಾಲಿಗರು ಎರಡನ್ನೂ ಸೇರಿಸೋದೇ ಹೆಚ್ಚು.)

ಸರಾಸರಿ ಆಟಮಿಕ್ ವೇಯ್ಟ್‌ಗೂ ಈ 22ನ್ನೇ ಹಾಕ್ಬೇಕು, ಆಗ 167.4 ಬರುತ್ತೆ. 8.4 ಹಾಕಿಬಿಟ್ರೆ 185.8 ಬರುತ್ತೆ, ಅಲ್ಲಿಂದ ಮುಂದೆ ಎಲ್ಲಾ ತಪ್ಪು.

ಇನ್ನು ಡೆನ್ಸಿಟಿ. ಚಿನ್ನ, ಬೆಳ್ಳಿ, ತಾಮ್ರ ಮೂರೂ ಎಫ್‌ಸಿಸಿ, ಅಂದ್ರೆ ಆಟಮ್‌ಗಳು ಘನದ ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಕೂತಿರುತ್ತೆ, ಹಂಗೆ ಮತ್ತೆ ಮತ್ತೆ ಬರೋ ಒಂದು ಘನಕ್ಕೆ, ಅಂದ್ರೆ ಯೂನಿಟ್ ಸೆಲ್‌ಗೆ, ನಾಲ್ಕು ಆಟಮ್. ಅಪ್ಪಟ ಚಿನ್ನದ ಸೆಲ್ಲಿನ ಬದಿ 4.078 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಸೆಂಟಿಮೀಟರ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು). ನಾಲ್ಕು ಆಟಮಿನ ತೂಕವನ್ನ ಆ ಘನದ ವಾಲ್ಯೂಮ್‌ನಿಂದ ಭಾಗಿಸಿದ್ರೆ ಒಂದು ಘನ ಸೆಂಟಿಮೀಟರ್‌ಗೆ 19.29 ಗ್ರಾಂ ಬರುತ್ತೆ, ಅಳೆದು ನೋಡಿದ್ರೆ 19.3. ಅದೇ ಬದಿಯಿಂದ ಆಟಮಿನ ರೇಡಿಯಸ್ ತೆಗೆದ್ರೆ 1.44 ಆಂಗ್‌ಸ್ಟ್ರಾಮ್, ಬೆಳ್ಳಿದೂ ಹೆಚ್ಚುಕಮ್ಮಿ ಅಷ್ಟೇ, ತಾಮ್ರದ್ದು 1.28. ಸುಮಾರು 11 ಪರ್ಸೆಂಟ್ ಚಿಕ್ಕದು, ಹಂಗಾಗಿ ತಾಮ್ರ ಕೂತ ಜಾಗದಲ್ಲೆಲ್ಲ ಸುತ್ತಲಿನ ಸಾಲು ಸೊಟ್ಟ ಆಗುತ್ತೆ, ಒಂದರ ಮೇಲೊಂದು ಜಾರೋದು ಕಷ್ಟ ಆಗುತ್ತೆ, ಒಡವೆ ಗಟ್ಟಿ ಆಗುತ್ತೆ. ಬೆಳ್ಳಿ ಹಾಕಿದ್ರೆ ಅಷ್ಟು ಗಟ್ಟಿ ಆಗಲ್ಲ.

ಚಿನ್ನ-ತಾಮ್ರದ 22 ಕ್ಯಾರೆಟ್ (ಅಂದ್ರೆ ಇದೇ 916) ಡೆನ್ಸಿಟಿ ಅಂದಾಜು 17.6. ಮನೇಲಿ ನೀರಲ್ಲಿ ಮುಳುಗಿಸಿ ನೋಡೋ ಆಸೆ ಇದ್ರೆ ಪತ್ತಾಕ್ ಜೊತೆ ಬರೋ ಜೋಮಾಲೆ ಮಾತ್ರ ಬೇಡ, ಅದರ ಗುಂಡುಗಳ ಒಳಗೆ ಅರಗು ತುಂಬಿರುತ್ತೆ, ಡೆನ್ಸಿಟಿ ತೀರಾ ಕಮ್ಮಿ ಬಂದು ಸುಮ್ನೆ ಗಾಬರಿ ಆಗ್ತೀರಿ.

ವೇಕೆನ್ಸಿ ಕಳೀಬೇಕಾ ಅಂದ್ರೆ, ಬೇಡ. ಚಿನ್ನದಲ್ಲಿ ಒಂದು ಖಾಲಿ ಜಾಗ ಆಗೋಕೆ ಸುಮಾರು 0.98 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಇದನ್ನ ಬೋಲ್ಟ್ಸ್‌ಮನ್ ಸ್ಥಿರಾಂಕ ಇಂಟು ಟೆಂಪರೇಚರ್‌ನಿಂದ ಭಾಗಿಸಿ, ಮೈನಸ್ ಹಾಕಿ, ಎಕ್ಸ್‌ಪೊನೆನ್ಷಿಯಲ್ ತಗೊಂಡ್ರೆ 900 ಡಿಗ್ರಿ ಸೆಲ್ಸಿಯಸ್‌ನಲ್ಲೂ ಲಕ್ಷ ಜಾಗಕ್ಕೆ ಆರು ಖಾಲಿ ಅಷ್ಟೆ, ಡೆನ್ಸಿಟಿಲಿ 0.006 ಪರ್ಸೆಂಟ್ ವ್ಯತ್ಯಾಸ. ರೂಮ್ ಟೆಂಪರೇಚರ್‌ನಲ್ಲಂತೂ ಲೆಕ್ಕದ ಪ್ರಕಾರ ಕೋಟಿ ಕೋಟಿಗೆ ಒಂದೂ ಸಿಗಲ್ಲ. ಟೆಂಪರೇಚರ್‌ಗೆ ಕೆಲ್ವಿನ್ (ಸೆಲ್ಸಿಯಸ್‌ಗೆ 273 ಸೇರಿಸಿದ್ದು) ಮರೀಬೇಡಿ, 1173 ಹಾಕೋ ಕಡೆ 900 ಹಾಕಿದ್ರೆ ಉತ್ತರ ಹತ್ತೊಂಬತ್ತು ಪಟ್ಟು ಕಮ್ಮಿ ಬರುತ್ತೆ.

ಆದ್ರೆ ಆ ಆರು ಖಾಲಿ ಜಾಗನ ಕಡೆಗಣಿಸ್ಬೇಡಿ. ತಾಮ್ರದ ಆಟಮ್ ಚಿನ್ನದೊಳಗೆ ಅತ್ತಿತ್ತ ಸರಿಯೋಕೆ ಪಕ್ಕದಲ್ಲಿ ಒಂದು ಜಾಗ ಖಾಲಿ ಇರ್ಲೇಬೇಕು, ಬಡಿದೂ ಬಡಿದೂ ಗಟ್ಟಿಯಾದ ತಗಡನ್ನ ಅಕ್ಕಸಾಲಿಗರು ಕೆಂಪಗೆ ಕಾಯಿಸಿ ಮೆತ್ತಗೆ ಮಾಡೋವಾಗ ಒಳಗೆ ಆಟಮ್‌ಗಳಿಗೆ ಓಡಾಡೋಕೆ ದಾರಿ ಕೊಡೋದು ಇವೇ.