ಪ್ರತಿ ಸಲ ನಾನೇ ಗೆಲ್ತೀನಿ, ಗೆಳೆಯರಿಗಾಗಿ ಬೇಕಂತ ಸೋಲಬೇಕಾ?

ಪ್ರಶ್ನೆ: ನಾವು ಆರು ಜನ ಗೆಳೆಯರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಬ್ಬರ ಮನೆಯಲ್ಲಿ ತಿಂಗಳಿಗೆ ಎರಡು ಶನಿವಾರ ಪೋಕರ್ ಆಡುತ್ತೇವೆ. ತಲೆಗೆ 500 ರೂಪಾಯಿ. ಒಂದು ವರ್ಷದಿಂದ ಹೆಚ್ಚಿನ ಸಲ ನಾನೇ ಗೆಲ್ಲುತ್ತಿದ್ದೇನೆ. ಈಗ ಒಬ್ಬ ಬರುವುದನ್ನೇ ಬಿಟ್ಟಿದ್ದಾನೆ. ಇನ್ನೊಬ್ಬ ಏನಾದರೂ ನೆಪ ಹೇಳುತ್ತಾನೆ. ಆಗಾಗ ಬೇಕಂತಲೇ ಸೋತುಬಿಡಲಾ?

ಉತ್ತರ: ಬೇಡ. ಈ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದೂ ಇಂಥದೇ ಒಂದು ಆಟ ಇತ್ತು. ಓಣಿಯ ಹಿರಿಯರೊಬ್ಬರು ಬರುತ್ತಿದ್ದರು. ನಾವೆಲ್ಲ ಅವರಿಗೆ ಕಾಕಾ ಅಂತಿದ್ದೆವು. ಸತತ ಮೂರು ಸಲ ಸೋತಿದ್ದರು. ನಾಲ್ಕನೇ ಸಲವೂ ಅವರ ಮುಂದೆ ನಾಲ್ಕಾರು ಚಿಪ್ಸ್ (ಹಣದ ಬದಲು ಇಡುವ ಬಿಲ್ಲೆ) ಮಾತ್ರ ಉಳಿದಿದ್ದವು. ಅಷ್ಟನ್ನೂ ನಡುವೆ ತಳ್ಳಿದರು. ನನ್ನ ಕೈಯಲ್ಲಿ ಎರಡು ಎಕ್ಕ ಇದ್ದವು. ಈ ಆಟದಲ್ಲಿ ಮೊದಲು ಕೈಗೆ ಬರುವ ಎರಡು ಎಲೆಗಳಲ್ಲಿ ಅದಕ್ಕಿಂತ ಗಟ್ಟಿ ಇಲ್ಲ. ಪಾಪ ಅನಿಸಿತು. ಎಲೆ ಕೆಳಗಿಟ್ಟು "ನೀವ ತಗೋರಿ ಕಾಕಾ" ಅಂದೆ. ಎಲೆ ಕೂಡಿಸುವಾಗ ನನ್ನ ಎರಡೂ ಎಲೆ ಅವರ ಕಣ್ಣಿಗೆ ಬಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಚಿಪ್ಸ್ ಎಲ್ಲ ನನ್ನ ಕಡೆ ಸರಿಸಿದರು. "ತಮ್ಮಾ, ನಾ ನಿನ್ನ ಸಂಗಾಟ ಆಡಾಕ ಬಂದೀನಿ. ನೀ ಕೊಟ್ಟದ್ದ ಇಸಗೊಳ್ಳಾಕ ಬಂದಿಲ್ಲ" ಅಂದರು. ಮುಂದಿನ ಎರಡು ಸಲ ಅವರು ಬರಲಿಲ್ಲ.

ಸೋಲಿನಿಂದ ಆಗದ ನೋವು ನನ್ನ ದಯೆಯಿಂದ ಆಗಿತ್ತು. ಆಟದಲ್ಲಿ ಸೋತವನಿಗೆ ಮುಂದಿನ ಸಲ ನೋಡೋಣ ಅನಿಸುತ್ತದೆ. ತನ್ನನ್ನು ಗೆಲ್ಲಿಸಿದರು ಅಂತ ಗೊತ್ತಾದವನಿಗೆ ಹಿಂದಿನ ತನ್ನ ಗೆಲುವುಗಳ ಮೇಲೂ ಅನುಮಾನ ಬರುತ್ತದೆ. ಇನ್ನೊಂದು ಮಾತೂ ಇದೆ. ಟೇಬಲ್ಲಿಗೆ ಕೂತವರು ನೀವಿಬ್ಬರೇ ಅಲ್ಲ. ನೀವು ಒಬ್ಬನಿಗೆ ಸುಮ್ನೆ ಬಿಟ್ಟುಕೊಟ್ಟರೆ ಉಳಿದ ನಾಲ್ವರ ಆಟವೂ ಕೆಡುತ್ತದೆ. ಯಾರು ಉಳಿಯುತ್ತಾರೆ, ಯಾರ ಮುಂದೆ ಎಷ್ಟು ಚಿಪ್ಸ್ ಇರುತ್ತವೆ ಅನ್ನುವುದೆಲ್ಲ ಬದಲಾಗುತ್ತದೆ. ಕ್ಯಾಸಿನೋದ ಪೋಕರ್ ಟೇಬಲ್ಲಿನಲ್ಲಿ ಇಬ್ಬರು ಹೀಗೆ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರೆ ಅದನ್ನು ಮೋಸ ಅಂತಲೇ ನೋಡುತ್ತಾರೆ. ಮನಸ್ಸು ಒಳ್ಳೆಯದಿತ್ತು ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ಮಾಡುವುದು? ಅದಕ್ಕೆ ಮೊದಲು ನೀವು ಯಾಕೆ ಗೆಲ್ಲುತ್ತೀರಿ ಅನ್ನುವುದನ್ನು ಸರಿಯಾಗಿ ನೋಡಬೇಕು.

ಒಳ್ಳೆಯ ಎಲೆ ಬರುತ್ತವೆ ಅಂತ ಗೆಲ್ಲುತ್ತಿಲ್ಲ. ಕೈಗೆ ಎರಡು ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಮನೆಯಾಟದಲ್ಲಿ ಗಂಟೆಗೆ ಹೆಚ್ಚೆಂದರೆ 25 ಸಲ ಎಲೆ ಹಂಚಬಹುದು. ನಾಲ್ಕು ಗಂಟೆ ಕೂತರೆ ನೂರು ಸಲ. ಅಂದರೆ ಇಡೀ ರಾತ್ರಿ ಆಡಿದರೂ ಎರಡು ಎಕ್ಕದ ಮುಖ ನೋಡದೆ ಮನೆಗೆ ಹೋಗುವುದೇ ಜಾಸ್ತಿ. ಎಲೆ ಎಲ್ಲರಿಗೂ ಒಂದೇ ತರಹ ಬರುತ್ತವೆ. ನೀವು ಗೆಲ್ಲುವುದು ಕೆಟ್ಟ ಎಲೆ ಬಿಡುವುದರಲ್ಲಿ. ಉಳಿದವರು ನೋಡೋಣ ಅಂತ ಹತ್ತರಲ್ಲಿ ಏಳು ಸಲ ಹಣ ಇಟ್ಟು ಒಳಗೆ ಬರುತ್ತಾರೆ. ನೀವು ಎರಡು ಸಲ ಬರುತ್ತೀರಿ. ಬಂದಾಗ ನಿಮ್ಮ ಕೈಯಲ್ಲಿ ಗಟ್ಟಿ ಎಲೆ ಇರುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಟೇಬಲ್ ಮೇಲೆ ಬಿದ್ದಾಗ, ಕೈಯ ಎರಡೂ ಸೇರಿ ನಿಮ್ಮ ಗೆಳೆಯನಿಗೆ ಒಂದೇ ಜಾತಿಯ (ಎಲ್ಲ ಇಸ್ಪೀಟು ಅಥವಾ ಎಲ್ಲ ಕಳಾವರ್, ಹೀಗೆ) ನಾಲ್ಕು ಎಲೆ ಸೇರಿವೆ ಅನ್ನಿ. ಐದನೆಯದು ಸಿಕ್ಕರೆ ಫ್ಲಶ್ ಅನ್ನುವ ಗಟ್ಟಿ ಜೋಡಣೆ. ಇನ್ನೂ ಎರಡು ಎಲೆ ಬರಬೇಕಿದ್ದಾಗ ಅದು ಸಿಗುವ ಅವಕಾಶ ನೂರಕ್ಕೆ ಸುಮಾರು 35. ಒಂದೇ ಎಲೆ ಉಳಿದಿದ್ದರೆ ನೂರಕ್ಕೆ 20 ಕೂಡ ಇಲ್ಲ. ನೀವು ಇದನ್ನು ನಡುವೆ ಬಿದ್ದ ಹಣದ ಜೊತೆ ಹೋಲಿಸಿ ನೋಡುತ್ತೀರಿ. ಅವನು ಹೋದ ಸಲ ಸಿಕ್ಕಿತ್ತು ಅನ್ನುವುದನ್ನು ನೆನೆಯುತ್ತಾನೆ. ಒಂದು ರಾತ್ರಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಅದೃಷ್ಟ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆರು ತಿಂಗಳು, ವರ್ಷ ಕಳೆದ ಮೇಲೆ ಒಬ್ಬನ ಜೇಬು ಭಾರವಾಗಿ, ಇನ್ನೊಬ್ಬನದು ಖಾಲಿಯಾಗಿ ಕಾಣುತ್ತದೆ. ನಿಮ್ಮ ಗೆಳೆಯರು ಇಷ್ಟು ದಿನ ಬಿಟ್ಟು ಈಗ ಹಿಂದೆ ಸರಿಯುತ್ತಿರುವುದು ಅದಕ್ಕೇ.

ಬಹುಶಃ ನೀವು ಮೊದಲು ಆ್ಯಪ್‌ನಲ್ಲೂ ಆಡಿದವರಿರಬೇಕು. 2025ರ ಆಗಸ್ಟ್‌ನಲ್ಲಿ ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಮೇಲೆ ದೊಡ್ಡ ಆ್ಯಪ್‌ಗಳು ಹಣದ ಪೋಕರ್ ನಿಲ್ಲಿಸಿದವು. ಅಲ್ಲಿ ಸಾವಿರಾರು ಕೈ (ಒಮ್ಮೆ ಎಲೆ ಹಂಚಿ ಆಡಿದರೆ ಒಂದು ಕೈ) ಆಡಿ ಪಳಗಿದವರು ಈಗ ಗೆಳೆಯರ ಮನೆಯ ಟೇಬಲ್ಲಿಗೆ ಬರುತ್ತಿದ್ದಾರೆ. ಎದುರಿಗೆ ಕೂತವರು ದೀಪಾವಳಿ ಪಾಡ್ಯದ ರಾತ್ರಿ ತೀನ್ ಪತ್ತಿ, ರಮ್ಮಿ ಆಡಿ ಬೆಳೆದವರು. ಬುದ್ಧಿಯಲ್ಲಿ ಅವರೇನೂ ಕಡಿಮೆ ಇಲ್ಲ. ನೀವು ನೋಡಿದಷ್ಟು ಕೈ ಅವರು ನೋಡಿಲ್ಲ, ಅಷ್ಟೇ.

ಈಗ ಹಣದ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ್ದು ಆ 500 ರೂಪಾಯಿ. ಆರು ಜನ ಅಂದರೆ ಟೇಬಲ್ ಮೇಲೆ 3,000. ನೀವು ಸರಾಸರಿ 700 ಒಯ್ಯುತ್ತೀರಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 24 ಸಲ. 16,800 ರೂಪಾಯಿ ಆಯಿತು. ಇದು ಐವರ ಮೇಲೆ ಸಮನಾಗಿ ಬೀಳುವುದಿಲ್ಲ. ಯಾರು ಜಾಸ್ತಿ ಕಾಲ್ ಮಾಡುತ್ತಾರೋ, ಅಂದರೆ ಎದುರಿನವರು ಇಟ್ಟಷ್ಟೇ ಹಣ ಇಟ್ಟು ಆಟದಲ್ಲಿ ಉಳಿಯುತ್ತಾರೋ, ಅವರ ಮೇಲೇ ಬೀಳುತ್ತದೆ. ಒಬ್ಬನೇ ಅದರಲ್ಲಿ ಅರ್ಧ ತೆತ್ತಿದ್ದರೆ ಅವನದು 8,400. ಬರುವುದನ್ನು ಬಿಟ್ಟ ಗೆಳೆಯ ಅವನೇ ಇರಬೇಕು, ಅಲ್ವಾ?

ಆಟದ ಮೊತ್ತವನ್ನು ಯಾರ ಕೈ ಬಿಗಿ ಇದೆಯೋ ಅವರನ್ನು ನೋಡಿ ಇಡಬೇಕು. ಆರು ಜನರ ಸರಾಸರಿ ತೆಗೆದರೆ ಆಗುವುದಿಲ್ಲ. ಅಂಥವನು ಎಲ್ಲರ ಎದುರು "ನನಗ ಜಾಸ್ತಿ ಆಗತೈತಿ" ಅನ್ನುವುದಿಲ್ಲ. ಮರ್ಯಾದೆಯ ಪ್ರಶ್ನೆ. ಹಾಗಾಗಿ ಮೊತ್ತ ಇಳಿಸುವ ಮಾತನ್ನು ಗೆಲ್ಲುವವನೇ ಎತ್ತಬೇಕು. ನೀವು ಎತ್ತಿದರೆ ಯಾರಿಗೂ ಮುಜುಗರ ಇಲ್ಲ. 200ಕ್ಕೆ ಇಳಿಸಿ, ಬೇಕಾದರೆ 100ಕ್ಕೆ. ಸೋತವರು ಮತ್ತೆ ಹಣ ಹಾಕಿ ಕೂರುವುದು ಒಂದೇ ಸಲ. ಟೇಬಲ್ ಮೇಲೆ ಉದ್ರಿ ಬೇಡವೇ ಬೇಡ. ಉದ್ರಿ ಶುರುವಾದ ರಾತ್ರಿಯಿಂದ ಗೆಳೆತನದಲ್ಲಿ ಒಂದು ಲೆಕ್ಕದ ಪುಸ್ತಕ ಸೇರಿಕೊಳ್ಳುತ್ತದೆ. ಸಾಧ್ಯವಿದ್ದರೆ ನಗದು ಇಟ್ಟು ಆಡಿ. ಫೋನಿನಲ್ಲಿ ಕಳಿಸಿದ ಹಣ ಹೋದದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ.

ಕಾನೂನಿನ ಬಗ್ಗೆ ಒಂದೇ ಮಾತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಮನೆ ಅಂತ ಹಿಡಿಯುವಾಗ, ಜಾಗದವನು ಆಟದಿಂದ ಲಾಭ ಮಾಡಿಕೊಳ್ಳುತ್ತಿದ್ದಾನಾ ಅಂತ ನೋಡುತ್ತದೆ. ಹಾಗಾಗಿ ಮನೆಯವರು ಪಾಟ್‌ನಿಂದ, ಅಂದರೆ ನಡುವೆ ಬಿದ್ದ ಹಣದಿಂದ, ಕಮಿಷನ್ ತೆಗೆಯುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ. ಚಹಾ, ಗಿರ್ಮಿಟ್, ಮಿರ್ಚಿ ಭಜಿಯ ಖರ್ಚನ್ನು ಆಟದ ಹಣದಿಂದ ಬೇರೆಯಾಗಿ ಎಲ್ಲರೂ ಹಂಚಿಕೊಳ್ಳಿ. ಹಣವೇ ಇಲ್ಲದೆ, ಸೋತವರು ಮುಂದಿನ ಸಲದ ಭಜಿ ತರಬೇಕು ಅಂತ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹಾಗೆ ಆಡಿದರೂ ಆಟ ಬಿಸಿ ಏರುತ್ತದೆ. ನಾನು ನೋಡಿದ್ದೇನೆ.

ಆದರೆ ಹಣ ಇಳಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಇನ್ನರ್ಧ ನೀವು ಕೂರುವ ರೀತಿಯಲ್ಲಿದೆ. ಕಾಯುತ್ತಾ ಕೂರುವವನು ಗೆಲ್ಲುತ್ತಾನೆ, ನಿಜ. ಆದರೆ ಅವನ ಪಕ್ಕ ಕೂತವರಿಗೆ ಬೇಜಾರು ಬರುತ್ತದೆ. ಹತ್ತು ಕೈಯಲ್ಲಿ ಎಂಟು ಬಿಟ್ಟು ಫೋನ್ ನೋಡುತ್ತಾ ಕೂತು, ಒಂಬತ್ತನೆಯದಕ್ಕೆ ತಲೆ ಎತ್ತಿದರೆ ಉಳಿದವರಿಗೆ ಏನನಿಸಬೇಕು? ಹಿಂದೆ ಕಾಕಾ ಒಬ್ಬ ಹುಡುಗನಿಗೆ ಕೇಳಿದ್ದರು, "ನೀ ಆಡಾಕ ಬಂದೀಯೋ, ರೊಕ್ಕಾ ಒಯ್ಯಾಕ ಬಂದೀಯೋ?"

ಧಾರವಾಡದಲ್ಲಿ ಸಂಗೀತ ಕೇಳಿ ಬೆಳೆದವರಿಗೆ ಒಂದು ಚಿತ್ರ ಕಣ್ಣಿಗೆ ಕಟ್ಟಿರುತ್ತದೆ. ಹಿರಿಯ ತಬಲಾ ವಾದಕರು ಹೊಸದಾಗಿ ಹಾಡುವ ಹುಡುಗಿಗೆ ಸಾಥ್ ಕೊಡುತ್ತಾರೆ. ಅವಳಿಗಾಗಿ ಅವರು ತಾಳ ತಪ್ಪಿಸುವುದಿಲ್ಲ. ಸಾದಾ ಠೇಕಾ (ತಾಳದ ಮೂಲ ಬಡಿತ) ಹಿಡಿದು ಕೂರುತ್ತಾರೆ. ಅವಳು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಬಂದಾಗ ತಲೆದೂಗುತ್ತಾರೆ. ತಮ್ಮ ವಿದ್ಯೆಯಲ್ಲಿ ಒಂದು ಎಳೆಯೂ ಸುಳ್ಳು ಮಾಡದೆ ಕಛೇರಿ ನಡೆಸುತ್ತಾರೆ. ಪೋಕರ್ ಟೇಬಲ್ಲಿನಲ್ಲಿ ನಿಮ್ಮ ಜಾಗವೂ ಅದೇ ಅಂತ ನಾನು ನಂಬಿದ್ದೇನೆ.

ಆಟದಲ್ಲಿ ಅದನ್ನು ಹೀಗೆ ಮಾಡಬಹುದು. ಹೆಚ್ಚು ಕೈ ಆಡಿ. ಎರಡರ ಬದಲು ಐದು ಸಲ ಒಳಗೆ ಬನ್ನಿ. ಕಳಾವರ್ ಏಳು, ಎಂಟು ಹಿಡಿದು ಬನ್ನಿ. ಬಂದ ಮೇಲೆ ಪೂರ್ತಿ ಮನಸ್ಸಿಟ್ಟು, ಗೆಲ್ಲಲಿಕ್ಕೇ ಆಡಿ. ಇದು ಬೇಕಂತ ಸೋಲುವುದಲ್ಲ. ಕಷ್ಟದ ಎಲೆಯಿಂದ ಶುರು ಮಾಡುವುದು. ನಿಮ್ಮ ಆಟವೂ ಬೆಳೆಯುತ್ತದೆ. ಗಟ್ಟಿ ಎಲೆ ಮಾತ್ರ ಆಡುವವನು ಕಷ್ಟದ ಜಾಗದಲ್ಲಿ ನಿರ್ಧಾರ ಮಾಡುವುದನ್ನು ಕಲಿಯುವುದೇ ಇಲ್ಲ. ಇನ್ನೂ ನೇರವಾಗಿ ಮಾಡಬೇಕೆಂದರೆ ಎಲ್ಲರಿಗೂ ಹೇಳಿಯೇ ಮಾಡಿ: "ಈ ತಿಂಗಳಿಂದ ನಾ ಡಬಲ್ ಬ್ಲೈಂಡ್ ಹಾಕ್ತೀನಿ." ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಸರದಿ ಬಂದವರು ಇಡಲೇಬೇಕಾದ ಹಣ. ಉಳಿದವರು ಎರಡು ರೂಪಾಯಿ ಇಟ್ಟರೆ ನೀವು ನಾಲ್ಕು. ಚದುರಂಗದಲ್ಲಿ ಬಲಿಷ್ಠನು ಒಂದು ಕಾಯಿ ತೆಗೆದಿಟ್ಟು ಆಡುವ ಹಾಗೆ. ಮುಚ್ಚಿಟ್ಟು ಕೊಟ್ಟ ಕರುಣೆ ಅವಮಾನ ಮಾಡುತ್ತದೆ. ಎಲ್ಲರೆದುರು ಒಪ್ಪಿಕೊಂಡ ರಿಯಾಯಿತಿ ಆಟದ ನಿಯಮವಾಗುತ್ತದೆ. ಆಮೇಲೆ ನಿಮ್ಮನ್ನು ಸೋಲಿಸಿದವನು ಎದೆ ಎತ್ತಿ ಮನೆಗೆ ಹೋಗಬಹುದು.

ತಿಂಗಳ ಎರಡು ಶನಿವಾರಗಳಲ್ಲಿ ಒಂದನ್ನು ಟೂರ್ನಮೆಂಟ್ ಮಾಡಿ. ತಲೆಗೆ 200, ಎಲ್ಲರಿಗೂ ಸಮ ಚಿಪ್ಸ್, ಮತ್ತೆ ಹಣ ಹಾಕುವಂತಿಲ್ಲ. ಒಟ್ಟು 1,200ರಲ್ಲಿ ಮೊದಲಿನವನಿಗೆ 700, ಎರಡನೆಯವನಿಗೆ 350, ಮೂರನೆಯವನಿಗೆ 150. ಅರ್ಧ ಜನ ಏನಾದರೂ ಹಿಡಿದುಕೊಂಡು ಹೋಗುತ್ತಾರೆ. ಯಾರೂ 200ಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ಬ್ಲೈಂಡ್ ಅನ್ನು 15 ನಿಮಿಷಕ್ಕೊಮ್ಮೆ ಏರಿಸಿ. ಚಿಪ್ಸ್ ಕಡಿಮೆಯಾದಷ್ಟೂ ಯೋಚನೆಗೆ ಜಾಗ ಕಡಿಮೆ, ಎಲೆಯ ಪಾಲು ಜಾಸ್ತಿ. ಆಗ ಹೊಸಬನಿಗೂ ಗೆಲ್ಲುವ ದಾರಿ ಅಗಲವಾಗುತ್ತದೆ. ಮೊದಲು ಔಟ್ ಆದವರು ಮೂಲೆಯಲ್ಲಿ ಒಂಟಿಯಾಗಿ ಕೂರಬಾರದು. ಇನ್ನೊಂದು ಕಟ್ಟು ಎಲೆ ತೆಗೆದಿಡಿ, ಅವರು ರಮ್ಮಿ ಹಾಕಲಿ.

ಬಾಯಿಯ ವಿಷಯದಲ್ಲೂ ಎಚ್ಚರ ಬೇಕು. ಒಬ್ಬ ತಪ್ಪು ಕಾಲ್ ಮಾಡಿ, ಕೊನೆಯ ಎಲೆಯಲ್ಲಿ ನಿಮ್ಮನ್ನು ಸೋಲಿಸಿದ ಅನ್ನಿ. "ಆ ಎಲಿ ಹಿಡಕೊಂಡು ಹೆಂಗ ಬಂದಿಲೇ?" ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಬಿಡಿ. ಯಾರೂ ಎಲೆ ಬಿಡದ ಟೇಬಲ್ಲಿನಲ್ಲಿ ಹೀಗೆ ಆಗುವುದು ಲೆಕ್ಕದ ಪ್ರಕಾರವೇ ಸರಿ. ಎರಡು ಎಕ್ಕ ಒಬ್ಬನೆದುರು ನೂರಕ್ಕೆ 85 ಸಲ ಗೆಲ್ಲುತ್ತವೆ. ಐವರೂ ಕೊನೆತನಕ ಉಳಿದರೆ ಅದೇ ಎಕ್ಕ ಗೆಲ್ಲುವುದು ಅರ್ಧದಷ್ಟು ಸಲ ಮಾತ್ರ. ಇನ್ನು, ಗೆದ್ದೆ ಅಂತ ಗೊತ್ತಿದ್ದೂ ಎಲೆ ತೋರಿಸಲು ತಡ ಮಾಡಿ ಎದುರಿನವನನ್ನು ಕಾಯಿಸಬೇಡಿ. ಗೆಳೆಯರ ನಡುವೆ ಅದರಷ್ಟು ಕೆಟ್ಟ ನಡತೆ ಇನ್ನೊಂದಿಲ್ಲ.

ಎದುರಿನವರ ತಪ್ಪನ್ನು ಅವರಿಗೆ ತಿಳಿಸಬಾರದು, ಅದೇ ನಿಮ್ಮ ಆದಾಯ ಅಂತ ಹಣಕ್ಕಾಗಿ ಆಡುವವರು ಹೇಳುತ್ತಾರೆ. ಗೆಳೆಯರ ಆಟದಲ್ಲಿ ಈ ಮಾತನ್ನು ನಾನು ಒಪ್ಪುವುದಿಲ್ಲ. ಕೇಳದೆ ಪಾಠ ಮಾಡಬೇಡಿ. ಆದರೆ ಆಟ ಮುಗಿದು ಚಹಾ ಕುಡಿಯುವಾಗ ಯಾರಾದರೂ "ಅಲ್ಲಿ ನಾ ಏನ್ ಮಾಡಬೇಕಿತ್ತು?" ಅಂತ ಕೇಳಿದರೆ ಏನನ್ನೂ ಮುಚ್ಚಿಡದೆ ಹೇಳಿ. ನಿಮ್ಮ ಬ್ಲಫ್‌ಗಳನ್ನೂ (ಗಟ್ಟಿ ಎಲೆ ಇಲ್ಲದೆ ಇದ್ದಂತೆ ಆಡಿದ್ದನ್ನು) ಒಂದೆರಡು ಸಲ ತೋರಿಸಿ. ನಮ್ಮ ಗುಂಪಿನಲ್ಲಿ ಹೀಗೆ ಕೇಳಿ ಕಲಿತ ಇಬ್ಬರು ಈಗ ನನ್ನನ್ನು ಒಳ್ಳೆಯದಾಗಿಯೇ ಕಾಡುತ್ತಾರೆ. ನನ್ನ ಗೆಲುವು ಕಡಿಮೆಯಾಗಿದೆ. ಶನಿವಾರ ಬರಲಿ ಅಂತ ಕಾಯುವುದು ಹೆಚ್ಚಾಗಿದೆ.

ಕೊನೆಗೆ ಬರುವುದನ್ನು ಬಿಟ್ಟ ಆ ಗೆಳೆಯ. ಅವನಿಗೆ ಗ್ರೂಪಿನಲ್ಲಿ ಮೆಸೇಜ್ ಹಾಕಬೇಡಿ. ಫೋನೂ ಬೇಡ. ಅವನ ಮನೆಗೆ ಹೋಗಿ. ನಾನು ಕಾಕಾ ಅವರ ಮನೆಗೆ ಹೋಗಲು ಮೂರು ವಾರ ತಡ ಮಾಡಿದ್ದೆ. ಹೋದಾಗ ಅಂಗಳದಲ್ಲಿ ಕೂತಿದ್ದರು. ಚಹಾ ಬಂತು. ಮಳೆ, ಮೊಮ್ಮಕ್ಕಳು ಅಂತ ಮಾತಾಡಿದೆವು. ಆ ದಿನದ ಎಕ್ಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ಏಳುವಾಗ ನಾನು ಕೇಳಿದೆ, "ಕಾಕಾ, ಎಷ್ಟಕ್ಕ ಆಡೋಣು?" ಅವರು ಸ್ವಲ್ಪ ಯೋಚಿಸಿ "ಐವತ್ತ ಸಾಕಲ್ಲೇನು?" ಅಂದರು. ಆ ಶನಿವಾರ ಅವರೇ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿಕೊಂಡು ಕೂತಿದ್ದರು.