ಯುದ್ಧಕಾಲದ ಕೌದಿ ಕ್ರೈಸ್ತ ಕಾದಂಬರಿಯೊಳಗೆ ಬಂದದ್ದು ಹೇಗೆ?

1863ರಲ್ಲಿ, ಗುಲಾಮಗಿರಿಯ ಪ್ರಶ್ನೆಯಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ಮೇಯ್ನ್ ರಾಜ್ಯದ ಆಗಸ್ಟಾ ಊರಿನಲ್ಲಿ ಸುಸಾನಾ ಪುಲ್ಲನ್ ಎಂಬಾಕೆ ತಮ್ಮ ಸಂಡೇ ಸ್ಕೂಲ್ ತರಗತಿಯವರನ್ನು ಕೂಡಿಸಿಕೊಂಡು ಒಂದು ಕ್ವಿಲ್ಟ್ ಹೊಲಿದರು. ಕ್ವಿಲ್ಟ್ ಎಂದರೆ ನಮ್ಮ ಕೌದಿಯ ದೂರದ ನೆಂಟ: ಮೇಲೆ ಚೂರುಬಟ್ಟೆ ಜೋಡಿಸಿದ ಹಾಸು, ನಡುವೆ ಹತ್ತಿ, ಕೆಳಗೆ ಅಸ್ತರು, ಮೂರನ್ನೂ ಹಿಡಿದಿಡುವ ಸಣ್ಣ ಹೊಲಿಗೆ. ಪುಲ್ಲನ್ ಅವರ ಕೌದಿಯ ತುಂಬ ನಕ್ಷತ್ರಗಳು. ಅವುಗಳ ಬಿಳಿ ಬಟ್ಟೆಯ ಮೇಲೆ ಶಾಯಿಯಲ್ಲಿ ಬೈಬಲ್ ವಚನಗಳಿವೆ, ಆರೋಗ್ಯದ ಬಗ್ಗೆ ಬುದ್ಧಿಮಾತುಗಳಿವೆ. ಒಂದು ಕಡೆ ಹೀಗಿದೆ: ಈ ಯುದ್ಧದ ಮೊದಲ ಗುಂಡು ಸಮ್ಟರ್ ಕೋಟೆಯಿಂದ ಹಾರಿತು, ಕೊನೆಯ ಗುಂಡು ಯಾವಾಗ, ಎಲ್ಲಿ, ಹೇಗೆ ಹಾರಿತೆಂದು ಹೇಳುವ ಕಾಲವನ್ನು ದೇವರು ಬೇಗ ತರಲಿ. ಅದರ ಬೆನ್ನಿಗೇ ಯೆಶಾಯನ ಗ್ರಂಥದ ಮಾತು, ಇನ್ನು ನಾವು ಯುದ್ಧವನ್ನು ಕಲಿಯುವುದಿಲ್ಲ ಎಂದು.

ಈಗ ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆಯಾದ ಸ್ಮಿತ್ಸೋನಿಯನ್‌ನ ಸಂಗ್ರಹದಲ್ಲಿರುವ ಈ ಕೌದಿಯನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಅಂತರ್ಯುದ್ಧ, ಹೊಲಿಗೆ, ವಿಶ್ವಾಸ ಈ ಮೂರನ್ನು ಹೆಣೆಯುವ ಕ್ರೈಸ್ತ ಐತಿಹಾಸಿಕ ಕಾದಂಬರಿಗಳು ಆ ನಂಟನ್ನು ಕಟ್ಟಿ ಹೇಳಿದ್ದಲ್ಲ. ಅದು ಬಟ್ಟೆಯ ಮೇಲೇ ಇತ್ತು.

ಯುದ್ಧ ಶುರುವಾದಾಗ ಉತ್ತರದ ಸರ್ಕಾರದ ಬಳಿ ಗಾಯಾಳುಗಳಿಗೆ ಸಾಕಾಗುವಷ್ಟು ಹೊದಿಕೆ ಇರಲಿಲ್ಲ. 1861ರ ಜೂನ್‌ನಲ್ಲಿ, ಗಾಯಗೊಂಡ ಮತ್ತು ಕಾಯಿಲೆಬಿದ್ದ ಸೈನಿಕರಿಗೆ ನೆರವಾಗಲು ಯುನೈಟೆಡ್ ಸ್ಟೇಟ್ಸ್ ಸ್ಯಾನಿಟರಿ ಕಮಿಷನ್ ಹುಟ್ಟಿಕೊಂಡಿತು. ಊರೂರಿನ ಹೆಂಗಸರು ಚರ್ಚಿನಲ್ಲೋ ಮನೆಯ ಪಡಸಾಲೆಯಲ್ಲೋ ಸೇರಿ, ಆಸ್ಪತ್ರೆಯ ಮಂಚಕ್ಕೆ ಹೊಂದುವಂತೆ ಅಗಲ ಕಡಿಮೆಯ ಕೌದಿಗಳನ್ನು ಹೊಲಿದು ಕಳಿಸಿದರು. ಹೀಗೆ ಹೋದವು ಸುಮಾರು 2,50,000 ಎಂಬ ಅಂದಾಜಿದೆ. ಉಳಿದಿರುವುದು ಬೆರಳೆಣಿಕೆಯಷ್ಟು. ಸೈನಿಕರು ಹೊದ್ದು ಹೊದ್ದು ಹರಿದುಹೋದವು, ಕೆಲವು ಸತ್ತವರ ಜೊತೆಯಲ್ಲೇ ಮಣ್ಣಿಗೆ ಸೇರಿದವು.

ದಕ್ಷಿಣದಲ್ಲೂ ಹೆಂಗಸರು ಹೊಲಿಯುತ್ತಿದ್ದರು. ಅಲಬಾಮಾದಲ್ಲಿ ಯುದ್ಧದೋಣಿಗೆ ಹಣ ಕೂಡಿಸಲೆಂದೇ ಹೂವಿನ ಕೌದಿಗಳನ್ನು ಹೊಲಿದು ಹರಾಜಿಗಿಟ್ಟರು. ಅವರೂ ಪ್ರಾರ್ಥಿಸುತ್ತಲೇ ಹೊಲಿದವರು. ಗುಲಾಮಗಿರಿಯ ಪ್ರಶ್ನೆಯಲ್ಲೇ ಒಡೆದು 1845ರಲ್ಲಿ ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಸಭೆಗಳ ಸಂಘ ಅದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು ಎಂದು 1865ರ ಮಾರ್ಚ್‌ನಲ್ಲಿ ಲಿಂಕನ್ ಹೇಳಿದರಲ್ಲ, ಈ ಬಗೆಯ ಕಾದಂಬರಿಗೆ ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. ಆ ಪ್ರಶ್ನೆಯಿಂದ ತಪ್ಪಿಸಿಕೊಂಡು ಮುಂದೆ ಹೋಗುವ ಕಥೆಗಳು ಎಷ್ಟು ಚೆನ್ನಾಗಿ ಓದಿಸಿಕೊಂಡರೂ ನನ್ನ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಕಾದಂಬರಿಗಳು ಬಂದದ್ದು ಬಹಳ ತಡವಾಗಿ. ಕೆನಡಾದ ಜೆನೆಟ್ ಓಕ್ ಬರೆದ, ವಲಸಿಗರ ಬದುಕಿನ ಪ್ರೇಮಕಥೆಯೊಂದನ್ನು 1979ರಲ್ಲಿ ಬೆಥನಿ ಹೌಸ್ ಎಂಬ ಕ್ರೈಸ್ತ ಪ್ರಕಾಶನ ಪ್ರಕಟಿಸಿತು. ಅಮೆರಿಕದ ಇವ್ಯಾಂಜೆಲಿಕಲ್, ಅಂದರೆ ಬೈಬಲನ್ನೇ ಪ್ರಮಾಣವಾಗಿ ನಂಬುವ ಪ್ರೊಟೆಸ್ಟೆಂಟ್ ಓದುಗರಿಗಾಗಿಯೇ ಬರೆಯುವ ಕಾದಂಬರಿಗಳ ಮಾರುಕಟ್ಟೆ ಬೆಳೆದದ್ದು ಅಲ್ಲಿಂದಾಚೆ. ಕೌದಿಯ ಮೇಲೆ ಹೊಸ ಒಲವು ಮೂಡಿದ್ದೂ ಹೆಚ್ಚುಕಡಿಮೆ ಅದೇ ದಶಕದಲ್ಲಿ. 1971ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ಹಳೆಯ ಕೌದಿಗಳನ್ನು ಚಿತ್ರಕಲೆಯಂತೆ ಗೋಡೆಗೆ ತೂಗುಹಾಕಿತ್ತು. ಹೊಲಿಯುವವರೂ ಓದುವವರೂ ಬಹುಪಾಲು ಹೆಂಗಸರೇ ಆದ್ದರಿಂದ ಎರಡೂ ಕೂಡಿಕೊಂಡದ್ದು ಸಹಜ.

ಎಡವಟ್ಟಾದದ್ದು ಗುಲಾಮರ ಕಥೆಯಲ್ಲಿ. ಬೇಲಿಯ ಮೇಲೆ ಹರವಿದ ಕೌದಿಯ ವಿನ್ಯಾಸವೇ ಗುಟ್ಟಿನ ಸಂಕೇತ, ಅದನ್ನು ನೋಡಿ ಗುಲಾಮರು ಉತ್ತರಕ್ಕೆ ಪಾರಾಗುತ್ತಿದ್ದರು ಎಂಬ ಕಥೆ 1999ರ ಒಂದು ಪುಸ್ತಕದಿಂದ ಮನೆಮಾತಾಯಿತು. ಅದಕ್ಕೆ ಮುಖ್ಯ ಆಧಾರ ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್‌ನಲ್ಲಿ ಕೌದಿ ಮಾರುತ್ತಿದ್ದ ಒಬ್ಬ ಮಹಿಳೆಯ ಮಾತು. ಆದರೆ ಪಾರಾಗಿ ಬಂದವರ ಕಥೆಗಳನ್ನು ತಾವೇ ಕೇಳಿ ಬರೆದಿಟ್ಟ ವಿಲಿಯಂ ಸ್ಟಿಲ್ ಅವರ 1872ರ ಗ್ರಂಥದಲ್ಲಿ ಇಂಥ ಸಂಕೇತದ ಸುಳಿವಿಲ್ಲ. ಇತಿಹಾಸಕಾರರು ಇದನ್ನು ಒಪ್ಪಿಲ್ಲ. ಆದರೂ ಶಾಲೆಯ ಪಾಠದಿಂದ ಕಾದಂಬರಿಯವರೆಗೆ ಅದು ಇತಿಹಾಸವೆಂಬಂತೆ ಬರುತ್ತಲೇ ಇದೆ. ಕಟ್ಟುಕಥೆಯಾಗಿ ಅದಕ್ಕೆ ನನ್ನ ತಕರಾರಿಲ್ಲ. ಪುಸ್ತಕದ ಕೊನೆಯಲ್ಲಿ, ಇದು ನಡೆದದ್ದಕ್ಕೆ ದಾಖಲೆಯಿಲ್ಲ ಎಂದು ಲೇಖಕರು ಒಂದು ಸಾಲು ಬರೆಯಬೇಕು, ಅಷ್ಟೆ.

ಯಾಕೆಂದರೆ ನಿಜವಾದದ್ದೇ ಕಣ್ಣೆದುರಿಗಿದೆ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್, ಬಿಡುಗಡೆಯ ನಂತರ ಬೈಬಲ್ ಕಥೆಗಳನ್ನೇ ಬಟ್ಟೆಯಲ್ಲಿ ಕತ್ತರಿಸಿ ಹೊಲಿದರು. ಆದಾಮ ಹವ್ವೆಯರು, ಕಾಯಿನನು ಹೇಬೆಲನನ್ನು ಕೊಲ್ಲುವುದು, ಯಾಕೋಬನ ಕನಸು, ಶಿಲುಬೆ, ಹೀಗೆ 11 ಚೌಕಗಳು. ಮೊದಲು ಮಾರಲೊಲ್ಲೆ ಎಂದವರು ಕಷ್ಟ ಬಂದಾಗ 5 ಡಾಲರಿಗೆ ಕೊಟ್ಟರು. ಕೊಡುವಾಗ ಒಂದೊಂದು ಚೌಕದ ಅರ್ಥವನ್ನೂ ಬಿಡಿಸಿ ಹೇಳಿದರು. ಕೊಂಡಾಕೆ ಅದನ್ನು ಬರೆದಿಟ್ಟುಕೊಂಡರು. ಅಲ್ಲಿ ಗುಟ್ಟು ಏನೂ ಇಲ್ಲ.

ಪುಲ್ಲನ್ ಅವರ ಕೌದಿಯ ಮೇಲೆ ಇನ್ನೊಂದು ಕೋರಿಕೆಯೂ ಇದೆ. ನಮಗೆ ಬೇಕಾದವರು ಅನೇಕರು ಈ ಯುದ್ಧದಲ್ಲಿದ್ದಾರೆ; ಕೌದಿ ತಿರುಗಿ ಬರುವುದಾದರೆ, ಇದನ್ನು ಹೊದ್ದವರ ಹೆಸರುಗಳು ಸಿಕ್ಕರೆ ಇದರ ಬೆಲೆ ಹೆಚ್ಚುತ್ತದೆ ಎಂದು. ಕೌದಿ ತಿರುಗಿ ಬಂತು. ವಾಷಿಂಗ್ಟನ್‌ನ ಆಸ್ಪತ್ರೆಗಳಿಂದ ಸೈನಿಕರು ಪುಲ್ಲನ್ ಅವರಿಗೆ ಕಾಗದವನ್ನೂ ಬರೆದಿದ್ದರು.