ಪದ ಪರಿಚಯ: ಕಿಟ್ (ಬೋರ್ಡ್ ಅಲ್ಲ, ಕಿಟ್)

ಈ ಮಳೆಗಾಲದಲ್ಲಿ ಇದು ನಾಲ್ಕನೇ ಸಲ. ತೀರ್ಥಹಳ್ಳಿ ಹತ್ತಿರದ ನೆಂಟರ ಹುಡುಗನೊಬ್ಬ ಫೋನ್ ಮಾಡಿದ. "ಪೈ ಕಿಟ್ ಬಂತು, ಆದರೆ ಆನ್ ಆಗ್ತಿಲ್ಲ" ಅಂದ. ಫೋಟೋ ಕಳಿಸು ಅಂದೆ. ಸಣ್ಣದೊಂದು ರಟ್ಟಿನ ಡಬ್ಬ, ಅದರೊಳಗೆ ರಾಸ್‌ಬೆರಿ ಪೈ 5 (ಅಂಗೈಯಗಲದ "ಸಿಂಗಲ್ ಬೋರ್ಡ್ ಕಂಪ್ಯೂಟರ್", ಅಂದರೆ ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್), ಜೊತೆಗೆ ಮಡಚಿದ ಒಂದು ಕಾಗದ. ಪವರ್ ಸಪ್ಲೈ ಇಲ್ಲ, ಮೆಮೊರಿ ಕಾರ್ಡ್ ಇಲ್ಲ, ಕೇಸ್ ಇಲ್ಲ. ಮನೆಯಲ್ಲಿದ್ದ ಹಳೇ ಫೋನ್ ಚಾರ್ಜರ್ ಚುಚ್ಚಿ, ಕಾರ್ಡೇ ಇಲ್ಲದ ಬೋರ್ಡಿನ ಮುಂದೆ ಅರ್ಧ ಗಂಟೆ ಕಾದಿದ್ದಾನೆ ಪಾಪ. ಬೋರ್ಡ್ ಚೆನ್ನಾಗಿಯೇ ಇದೆ. ಕಿಟ್ ಮಾತ್ರ ಬಂದಿಲ್ಲ, ಯಾಕೆಂದರೆ ಅವನು ಕಿಟ್ ಕೊಂಡೇ ಇಲ್ಲ.

ಹಿಂದಿನ ಮೂರು ಸಲದ್ದೂ ಇದೇ ಜಾತಿಯ ಕಥೆ. ಒಬ್ಬರು ಆರ್ಡುಯಿನೋ ಊನೋ ಅನ್ನುವ ಬೇರೆಯದೇ ಪುಟ್ಟ ನಿಯಂತ್ರಕ ಬೋರ್ಡ್ ತೋರಿಸಿ "ಇದೇ ಪೈ ಕಿಟ್ ಅಲ್ವಾ" ಅಂದರು. ಇನ್ನೊಬ್ಬರು ಹತ್ತಾರು ಸೆನ್ಸರ್, ಒಂದು ಕಟ್ಟು ವೈರ್ ಇದ್ದ ಪೆಟ್ಟಿಗೆ ತಂದು ಇದರಲ್ಲಿ ಕಂಪ್ಯೂಟರ್ ಯಾವುದು ಅಂತ ಕೇಳಿದರು. ಕಂಪ್ಯೂಟರ್ ಇರಲೇ ಇಲ್ಲ. ಮೂರನೆಯವರು ಅಡಿಕೆ ತೋಟದವರು. ಹೊಸಬರಿಗೆ ಅಂತ ಮಾರುವ ಪೆಟ್ಟಿಗೆಯ ಮೇಲೆ "ಸ್ಟಾರ್ಟರ್ ಕಿಟ್" ಅಂತ ಓದಿ, ಅದು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಕೂರಿಸುವ ಸಾಮಾನು ಅಂದುಕೊಂಡಿದ್ದರು. ಆ ದಿನ ನಕ್ಕಿದ್ದೆ. ಈಗ ಯೋಚಿಸಿದರೆ ನಾಲ್ವರಲ್ಲಿ ಆ ಪದವನ್ನು ಸರಿಯಾಗಿ ಓದಿದ್ದು ಅವರೊಬ್ಬರೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಿಚಿತ್ರ ಏನೆಂದರೆ, ಕಂಪ್ಯೂಟರ್ ಸುದ್ದಿ ಬಿಟ್ಟರೆ ಈ ಪದವನ್ನು ನಾವು ಎಲ್ಲಿಯೂ ತಪ್ಪಾಗಿ ಬಳಸುವುದಿಲ್ಲ. ಶಿವಮೊಗ್ಗದ ಯಾವ ಗ್ಯಾರೇಜಿಗೆ ಬೇಕಾದರೂ ಹೋಗಿ ಬೈಕಿನ ಚೈನ್ ಸ್ಪ್ರಾಕೆಟ್ ಕಿಟ್ ಕೇಳಿ. ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ, ಮೂರೂ ಬರುತ್ತವೆ. ಬರೀ ಚೈನು ಕೊಟ್ಟು ಕಿಟ್ ಅಂದರೆ ಅಲ್ಲೇ ಜಗಳ. ಆಟೋಗೆ ಗ್ಯಾಸ್ ಕಿಟ್ ಹಾಕಿಸಿದೆ ಅಂದರೆ ಬರೀ ಸಿಲಿಂಡರ್ ಅಂತ ಯಾರೂ ತಿಳಿಯುವುದಿಲ್ಲ. ಕೊರೊನಾ ಕಾಲದಲ್ಲಿ ಹಂಚಿದ ದಿನಸಿ ಕಿಟ್‌ನಲ್ಲಿ ಅಕ್ಕಿಯ ಜೊತೆ ಬೇಳೆ, ಎಣ್ಣೆ, ಉಪ್ಪು ಇರುತ್ತಿತ್ತು. ಬರೀ ಅಕ್ಕಿ ಇದ್ದರೆ ಅದನ್ನು ಅಕ್ಕಿ ಅಂತಲೇ ಕರೆಯುತ್ತಿದ್ದೆವು. ಇಷ್ಟು ಚೆನ್ನಾಗಿ ಗೊತ್ತಿರುವ ಪದ, ಹಸಿರು ಬಣ್ಣದ ಬೋರ್ಡ್ ಕಂಡ ಕೂಡಲೇ ಯಾಕೆ ಕೈಕೊಡುತ್ತದೆ?

ಪದದ ಹುಟ್ಟಿಗೆ ಹೋಗೋಣ. ಕಿಟ್ ಇಂಗ್ಲಿಷಿಗೆ ಬಂದದ್ದು ಮಧ್ಯಕಾಲದ ಡಚ್ ಭಾಷೆಯ "ಕಿಟ್ಟೆ"ಯಿಂದ ಅನ್ನುತ್ತಾರೆ. ಅರ್ಥ: ಮರದ ಪಟ್ಟಿಗಳನ್ನು ಸುತ್ತ ಜೋಡಿಸಿ, ಬಳೆ ಹಾಕಿ ಬಿಗಿದ ಪಾತ್ರೆ. ನಮ್ಮ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಹುಡುಕಿದರೆ ಮರದ ಮರಿಗೆ ಸಿಗುತ್ತದಲ್ಲ, ಸುಮಾರು ಅದೇ ಕುಲದ್ದು. ಇಂಗ್ಲೆಂಡಿನಲ್ಲಿ ಹಾಲಿಗೆ, ಬೆಣ್ಣೆಗೆ, ಮೀನಿಗೆ ಇಂಥ ಪಾತ್ರೆ ಬಳಸುತ್ತಿದ್ದರು. 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ ಸೈನಿಕನ ಸಾಮಾನಿಗೆ ಅಂಟಿಕೊಂಡಿತು. ಪಾತ್ರೆಯ ಹೆಸರು ಒಳಗಿನ ವಸ್ತುಗಳಿಗೆ ಹೋಯಿತು. "ಡಬ್ಬಿ ತಂದಿದೀಯಾ?" ಅಂತ ಆಫೀಸಿನಲ್ಲಿ ಕೇಳಿದರೆ ನಾವು ಸ್ಟೀಲಿನ ಬಗ್ಗೆ ಕೇಳುವುದಿಲ್ಲ, ಊಟದ ಬಗ್ಗೆ ಕೇಳುತ್ತೇವೆ. ಅದೇ ನಡೆ.

ಸೈನಿಕನ ಕಿಟ್‌ಗೆ ಒಂದು ಗುಣವಿದೆ. ಅದರಲ್ಲಿ ಏನಿರಬೇಕು ಅನ್ನುವುದನ್ನು ಅವನ ಕೆಲಸ ತೀರ್ಮಾನಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಪದ ನಮ್ಮ ಬಾಯಲ್ಲೇ ಇದೆ: ಸರಂಜಾಮು. ಪಾರಸಿಯಿಂದ ಬಂದದ್ದು. "ಅಂಜಾಮ್" ಅಂದರೆ ಮುಕ್ತಾಯ, ಕೆಲಸ ಪೂರೈಸುವುದು. ಮರಾಠರ ಆಡಳಿತದಲ್ಲಿ ಸೈನ್ಯ ಸಾಕಲು ಸರದಾರರಿಗೆ ಬಿಟ್ಟುಕೊಟ್ಟ ಭೂಮಿಯ ಆದಾಯಕ್ಕೂ ಸರಂಜಾಮು ಅಂತಲೇ ಹೆಸರಿತ್ತು. ಕಿಟ್ ಕೂಡ ದಂಡಿನಲ್ಲಿ ಓಡಾಡಿದ ಪದ, ಸರಂಜಾಮು ಕೂಡ. ನಾನಂತೂ ಹುಡುಗನಿಗೆ ಕಿಟ್ ಅನ್ನಬೇಡ, ಸರಂಜಾಮು ಅನ್ನು, ಆಗ ತಪ್ಪು ತಾನೇ ಗೊತ್ತಾಗುತ್ತದೆ ಅಂತ ಹೇಳಿದೆ. "ಸರಂಜಾಮು ಬಂತು" ಅಂತ ಬರೀ ಒಂದು ಬೋರ್ಡ್ ತೋರಿಸಲು ಯಾರಿಗೂ ನಾಲಿಗೆ ಹೊರಳುವುದಿಲ್ಲ.

ಇನ್ನು ಬೋರ್ಡ್. ಇದೂ ಮರವೇ. ಹಳೇ ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಹಲಗೆ, ನಮ್ಮ ಹಳಗನ್ನಡದ ಪಲಗೆ. ಹಲಗೆಯಿಂದ ಊಟದ ಮೇಜಾಯಿತು. ಮೇಜಿನಿಂದ ಊಟವೇ ಆಯಿತು, ಅದಕ್ಕೇ ಬೋರ್ಡಿಂಗ್ ಅಂಡ್ ಲಾಡ್ಜಿಂಗ್. ಮೇಜಿನ ಸುತ್ತ ಕೂತವರೂ ಬೋರ್ಡ್ ಆದರು, ಅದಕ್ಕೇ ಕಂಪನಿಗಳ ಬೋರ್ಡ್ ಮೀಟಿಂಗ್. ರೇಡಿಯೋ ಹುಚ್ಚಿನ ಆರಂಭದ ದಿನಗಳಲ್ಲಿ ಜನ ಅಡುಗೆಮನೆಯ ಬ್ರೆಡ್ ಕೊಯ್ಯುವ ಹಲಗೆ ತಂದು, ಅದಕ್ಕೆ ಮೊಳೆ ಹೊಡೆದು, ಮೊಳೆಗೆ ತಂತಿ ಸುತ್ತಿ ಸರ್ಕ್ಯೂಟ್ ಮಾಡುತ್ತಿದ್ದರು. ಇವತ್ತಿನ ಪ್ಲಾಸ್ಟಿಕ್ ತೂತುಗಳ ಬ್ರೆಡ್‌ಬೋರ್ಡಿಗೆ ಹೆಸರು ಬಂದದ್ದು ಅಲ್ಲಿಂದ.

ಹಾಗಾಗಿ ಎರಡೂ ಪದಗಳನ್ನು ಮೂಲಕ್ಕೆ ಎಳೆದರೆ ಒಂದು ಹಲಗೆ, ಇನ್ನೊಂದು ಹಲಗೆಗಳನ್ನು ಜೋಡಿಸಿ ಮಾಡಿದ ಮರಿಗೆ. ಬೋರ್ಡನ್ನು ಕಿಟ್ ಅನ್ನುವವರು ಹಲಗೆ ಹಿಡಿದು ನೀರಿಗೆ ಹೊರಟಿದ್ದಾರೆ.

ಸಿಂಗಲ್ ಬೋರ್ಡ್ ಕಂಪ್ಯೂಟರಿನಲ್ಲಿ "ಸಿಂಗಲ್" ಯಾಕೆ ಅನ್ನುವುದಕ್ಕೆ ಜಾಸ್ತಿ ಜಾಗ ಬೇಡ. 1975ರ ಆಲ್ಟೇರ್ 8800 ಥರದ ಕಂಪ್ಯೂಟರುಗಳಲ್ಲಿ ಪ್ರೊಸೆಸರಿಗೆ ಒಂದು ಕಾರ್ಡ್, ಮೆಮೊರಿಗೆ ಒಂದು ಕಾರ್ಡ್, ಹೊರಗಿನ ಸಂಪರ್ಕಕ್ಕೆ ಇನ್ನೊಂದು. ಎಲ್ಲವನ್ನೂ ಒಂದೇ ಹಲಗೆಗೆ ಇಳಿಸಿದರೆ ಸಿಂಗಲ್ ಬೋರ್ಡ್. ನಮ್ಮ ಈಳಿಗೆಮಣೆ ನೋಡಿ. ಕೂರಲು ಮಣೆ, ಹೆಚ್ಚಲು ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು, ಎಲ್ಲ ಒಂದೇ ಹಲಗೆಯ ಮೇಲೆ. ಆದರೂ ಕಾಯಿ, ತರಕಾರಿ ಬೇರೆ ತರಬೇಕು.

ಹಾಗಾದರೆ ಈ ಗೊಂದಲ ಎಲ್ಲಿಂದ ಬಂತು? ನನ್ನ ಊಹೆ ಪ್ರಕಾರ ಕಾಲೇಜಿನ ಲ್ಯಾಬಿನಿಂದ. ನಮ್ಮ ತಲೆಮಾರಿನವರಿಗೆ ನೆನಪಿರುತ್ತದೆ, 8085 ಅನ್ನುವ ಪ್ರೊಸೆಸರ್ ಕಲಿಯಲು ಇಟ್ಟಿದ್ದ 8085 ಕಿಟ್. ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಅದರ ಹದಿನಾರರ ಲೆಕ್ಕದ (0ಯಿಂದ 9, ಆಮೇಲೆ Aಯಿಂದ F) ಕೀಗಳನ್ನು ಕುಟ್ಟಿದವರೇ. ಕೆಂಪು ಅಂಕಿಗಳು ಹೊಳೆಯುತ್ತಿದ್ದವು, ನಾಲ್ಕು ಮೆಮೊರಿಯ ವಿಳಾಸಕ್ಕೆ, ಎರಡು ಅಲ್ಲಿರುವ ಡೇಟಾಕ್ಕೆ. ಮಧ್ಯದಲ್ಲಿ ಕರೆಂಟು ಹೋದರೆ ಟೈಪ್ ಮಾಡಿದ್ದೆಲ್ಲ ಗೋವಿಂದ. ಅದು ಪೂರ್ತಿ ಜೋಡಿಸಿ ಬಂದ ಯಂತ್ರ. ನಾವು ಒಂದು ಸ್ಕ್ರೂ ಕೂಡ ತಿರುಗಿಸಲಿಲ್ಲ. ಆದರೂ ಮೇಷ್ಟ್ರು, ಅಟೆಂಡರು, ರೆಕಾರ್ಡ್ ಬುಕ್ಕು ಎಲ್ಲರೂ ಕಿಟ್ ಅಂತಲೇ ಕರೆದರು.

ಹೆಸರಿನ ಮೂಲ ಸರಿಯಾಗಿಯೇ ಇತ್ತು. ಇಂಟೆಲ್ 8085 ಚಿಪ್ ತಂದದ್ದು 1976ರಲ್ಲಿ. ಅದನ್ನು ಕಲಿಯುವವರಿಗೆ ಎಸ್‌ಡಿಕೆ-85 ಅಂತ ಒಂದು ಸಿಂಗಲ್ ಬೋರ್ಡ್ ಕಂಪ್ಯೂಟರ್ ಮಾರಿತು. ಎಸ್‌ಡಿಕೆ ಅಂದರೆ ಸಿಸ್ಟಮ್ ಡಿಸೈನ್ ಕಿಟ್. ಅದು ನಿಜವಾದ ಕಿಟ್. ಖಾಲಿ ಬೋರ್ಡ್, ಚಿಪ್ಪುಗಳು, ಕೀಗಳು ಬಿಡಿಬಿಡಿಯಾಗಿ ಬರುತ್ತಿದ್ದವು, ಕೊಂಡವರೇ ಬೆಸುಗೆ ಹಾಕಬೇಕು. ನಮ್ಮ ಲ್ಯಾಬಿಗೆ ಬರುವ ಹೊತ್ತಿಗೆ ಬೆಸುಗೆ ಮುಗಿದಿತ್ತು, ಹೆಸರು ಮಾತ್ರ ಉಳಿದಿತ್ತು. ಅಲ್ಲಿ ಓದಿದವರೇ ಆಮೇಲೆ ಮೇಷ್ಟ್ರಾದರು, ಅಂಗಡಿ ಇಟ್ಟರು. ಹಾಗಾಗಿ ಕೇಸ್ ಇಲ್ಲದ, ಚಿಪ್ ಕಾಣುವ ಯಾವ ಬೋರ್ಡ್ ಬಂದರೂ ಅವರಿಗೆ ಕಿಟ್. ಅವರ ಮಕ್ಕಳಿಗೂ ಕಿಟ್.

ಬೆಲೆ ನೋಡಿದರೆ ಅರ್ಥ ಎಷ್ಟು ತಿರುಗಿದೆ ಅಂತ ಇನ್ನೂ ಸ್ಪಷ್ಟವಾಗುತ್ತದೆ. 1980ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಜೆಡ್‌ಎಕ್ಸ್80 ಕಂಪ್ಯೂಟರ್ ಎರಡು ಥರ ಮಾರಾಟವಾಯಿತು. ಕಿಟ್ ಆಗಿ ಕೊಂಡರೆ 79.95 ಪೌಂಡ್, ಜೋಡಿಸಿದ್ದು ಬೇಕಾದರೆ 99.95 ಪೌಂಡ್. ಅಂದರೆ ಕಿಟ್ ಅಗ್ಗ, ಯಾಕೆಂದರೆ ಕೂಲಿ ನಿಮ್ಮದು. ಇವತ್ತು ಅದು ಉಲ್ಟಾ. ಬೋರ್ಡ್ ಅಗ್ಗ, ಕಿಟ್ ದುಬಾರಿ, ಯಾಕೆಂದರೆ ಜೊತೆಗೆ ಸಾಮಾನು ಜಾಸ್ತಿ. "ಕಿಟ್" ಅಂತ ಕೇಳಿ ಬೋರ್ಡಿನ ಬೆಲೆ ಕೊಟ್ಟು ಬಂದರೆ, ಗೆದ್ದೆ ಅಂದುಕೊಳ್ಳಬೇಡಿ.

ಈಗ ತೋಟದವರ ವಿಷಯಕ್ಕೆ ಬರುತ್ತೇನೆ. ಅವರು ಕಿಟ್ ಅನ್ನುವ ಪದ ಕಂಡ ಕೂಡಲೇ ಅದು ಯಾವ ಕೆಲಸಕ್ಕೆ ಅಂತ ಯೋಚಿಸಿದರು. ಉತ್ತರ ತಪ್ಪಾಯಿತು, ಪ್ರಶ್ನೆ ಸರಿಯಾಗಿತ್ತು. ಗ್ಯಾರೇಜಿನಲ್ಲಿ ಯಾರೂ ಸುಮ್ನೆ ಕಿಟ್ ಕೊಡಿ ಅನ್ನುವುದಿಲ್ಲ. ಯಾವ ಗಾಡಿ, ಯಾವ ಮಾಡೆಲ್ ಅಂತ ಹೇಳಿಯೇ ಕೇಳುತ್ತಾರೆ. ಬೋರ್ಡಿಗೆ ಕೆಲಸದ ಹೆಸರು ಬೇಕಿಲ್ಲ. ಅದು ಟೀವಿ ಹಿಂದೆ ಕೂತು ಸಿನಿಮಾ ತೋರಿಸಬಹುದು, ಮಳೆ ಅಳೆಯಬಹುದು, ಸುಮ್ನೆ ಕಪಾಟಿನಲ್ಲೂ ಇರಬಹುದು. ಕಿಟ್‌ಗೆ ಮಾತ್ರ ಕೆಲಸದ ಹೆಸರು ಬೇಕೇ ಬೇಕು.

ನಮ್ಮ ಹುಡುಗನನ್ನೂ ಇದನ್ನೇ ಕೇಳಿದೆ. ತೋಟದ ಮಣ್ಣಿನ ತೇವ ನೋಡಿ ಪಂಪ್ ಹಾಕಬೇಕು, ಮಳೆ ಎಷ್ಟು ಬಂತು ಅಂತ ದಿನಾ ಬರೆದಿಡಬೇಕು ಅಂದ. ಸರಿ, ಇದರ ಸರಂಜಾಮು ಏನು? ಪೈ 5ಕ್ಕೆ 5 ವೋಲ್ಟ್, 5 ಆಂಪ್ ಕೊಡುವ ಸಪ್ಲೈ ಹೇಳಿ ಮಾಡಿಸಿದ್ದು. ಫೋನಿನ ಒಳ್ಳೇ ಚಾರ್ಜರುಗಳೂ 5 ವೋಲ್ಟಿನಲ್ಲಿ ಸಾಮಾನ್ಯವಾಗಿ 3 ಆಂಪಿಗೆ ನಿಲ್ಲುತ್ತವೆ. ಡಬ್ಬದ ಮೇಲೆ ದೊಡ್ಡ ವಾಟ್ ಬರೆದಿದ್ದರೆ ಅದು 9 ವೋಲ್ಟಿನ ಲೆಕ್ಕ ಇರಬಹುದು. 3 ಆಂಪಿನಲ್ಲೂ ಬೋರ್ಡ್ ಏಳುತ್ತದೆ, ಆದರೆ ಯುಎಸ್‌ಬಿಗೆ ಕೊಡುವ ಕರೆಂಟನ್ನು ಕಡಿತ ಮಾಡುತ್ತದೆ.

ತೇವದ ಸೆನ್ಸರ್ ಇನ್ನೊಂದು ತಮಾಷೆ. ಅಗ್ಗದ ಸೆನ್ಸರುಗಳು ಏರಿಳಿಯುವ ವೋಲ್ಟೇಜ್ ಕೊಡುತ್ತವೆ, ಅನಲಾಗ್. ಪೈಯ 40 ಪಿನ್ನುಗಳಲ್ಲಿ ಅನಲಾಗ್ ಓದುವ ಪಿನ್ ಒಂದೂ ಇಲ್ಲ. ಮಧ್ಯೆ ಆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಡಿಸಿ ಚಿಪ್ ಬೇಕು. ಪಿನ್ನುಗಳು ತಡೆಯುವುದು 3.3 ವೋಲ್ಟ್. 5 ವೋಲ್ಟ್ ಸಿಗ್ನಲ್ ಕೊಟ್ಟರೆ ಬೋರ್ಡ್ ಸುಡಬಹುದು. "ಕಿಟ್" ಅಂತ ಮಾರುವ ಪೆಟ್ಟಿಗೆಗಳಲ್ಲಿ ಈ ಎಡಿಸಿ ಇದೆಯೋ ಇಲ್ಲವೋ ನೋಡಿ. ಸೆನ್ಸರ್ ಇಟ್ಟು ಎಡಿಸಿ ಬಿಟ್ಟಿದ್ದರೆ, ಪೆಟ್ಟಿಗೆ ಕಟ್ಟಿದವರೇ ಅದನ್ನು ಬಳಸಿ ನೋಡಿಲ್ಲ ಅಂತ ಲೆಕ್ಕ.

ಮಲೆನಾಡಿಗೆ ಅಂತಲೇ ಸೇರಿಸಬೇಕಾದ್ದು ಎರಡಿದೆ, ಯಾವ ಕಿಟ್‌ನಲ್ಲೂ ನಾನು ಇನ್ನೂ ಕಂಡಿಲ್ಲ. ಮೊದಲನೆಯದು ಕರೆಂಟು. ಜುಲೈ ತಿಂಗಳಲ್ಲಿ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಎಣಿಸುವುದನ್ನು ಬಿಟ್ಟಿದ್ದೇವೆ. ಬರೆಯುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಜೊತೆಗೆ ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಕರೆಂಟು ಬಂದರೂ ಇಂಟರ್‌ನೆಟ್ ಬರದಿದ್ದರೆ ಅದು ಹಳೇ ಹೊತ್ತನ್ನೇ ಹಿಡಿದು ಏಳುತ್ತದೆ. ರಾತ್ರಿಯ ಮಳೆ ಮಧ್ಯಾಹ್ನದ ಲೆಕ್ಕಕ್ಕೆ ಸೇರುತ್ತದೆ. ಪೈ 5ರಲ್ಲಿ ಗಡಿಯಾರ ಇದೆ, ಅದರ ಬ್ಯಾಟರಿ ಬೇರೆ ಕೊಳ್ಳಬೇಕು. ಎರಡನೆಯದು ಶೀತ. ಕಿಟ್ ಜೊತೆ ಬರುವ ಕೇಸಿಗೆ ಗಾಳಿಯಾಡಲು ತೂತುಗಳಿರುತ್ತವೆ. ಆಗುಂಬೆ ಕಡೆಯ ಪಂಪ್‌ಹೌಸಿನಲ್ಲಿ ಆ ತೂತುಗಳಿಂದ ಬರೀ ಗಾಳಿಯಲ್ಲ, ಶೀತವೂ ಇರುವೆಯೂ ಬರುತ್ತವೆ. ಎಲೆಕ್ಟ್ರಿಕಲ್ ಅಂಗಡಿಯ ನೀರು ಹೋಗದ ಪೆಟ್ಟಿಗೆ ತನ್ನಿ, ವೈರ್ ಒಳಬರುವ ಕಡೆ ಅದನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಹಾಕಿ. ಪಂಪಿನ ಮೋಟರನ್ನು ಕಿಟ್‌ನ ಪುಟ್ಟ ರಿಲೇಗೆ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್) ನೇರವಾಗಿ ಕೊಡಲೇಬೇಡಿ. ರಿಲೇಯನ್ನು ಪಂಪಿನ ಸ್ಟಾರ್ಟರಿನ ಕಾಯಿಲ್ ಲೈನಿಗೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಸೇರಿಸಿ. ತೋಟದವರ "ಸ್ಟಾರ್ಟರ್ ಕಿಟ್" ಕೊನೆಗೂ ನಿಜವಾಯಿತು ನೋಡಿ.

ಪಿಕೋ ಬಗ್ಗೆ ಒಂದು ಮಾತು. 2021ರಲ್ಲಿ 4 ಡಾಲರಿಗೆ ಬಂದ ರಾಸ್‌ಬೆರಿ ಪೈ ಪಿಕೋ ಹೆಸರಿನಲ್ಲಿ ಪೈ ಇದೆ, ಆದರೆ ಅದು ಮೈಕ್ರೋಕಂಟ್ರೋಲರ್, ಅಂದರೆ ಪೂರ್ತಿ ಕಂಪ್ಯೂಟರ್ ಅಲ್ಲ, ಒಂದೇ ಪ್ರೋಗ್ರಾಮನ್ನು ಓಡಿಸುವ ಪುಟ್ಟ ನಿಯಂತ್ರಕ. ಆರ್ಡುಯಿನೋ ಕಡೆಯ ನೆಂಟ. ಅದಕ್ಕೆ ಕಂಪ್ಯೂಟರಿನ ಹಾಗೆ ಲಿನಕ್ಸ್ (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಹಾಕಲು ಹೊರಟವರನ್ನು ನೋಡಿದ್ದೇನೆ. ಅದರಲ್ಲಿ ಅನಲಾಗ್ ಪಿನ್ನುಗಳಿವೆ, ಮೆಮೊರಿ ಕಾರ್ಡಿನ ಹಂಗಿಲ್ಲ, ಕರೆಂಟು ಹತ್ತು ಸಲ ಹೋಗಿ ಬಂದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಹುಡುಗನ ಕೆಲಸಕ್ಕೆ ವೈಫೈ ಇರುವ ಪಿಕೋ ಡಬ್ಲ್ಯೂ ಧಾರಾಳ ಸಾಕು. ಅವನು ಪೈ 5 ಕೊಳ್ಳುವ ಅಗತ್ಯವೇ ಇರಲಿಲ್ಲ ಅನ್ನುವುದನ್ನು ಸ್ವಲ್ಪ ಮೆತ್ತಗೆ ಹೇಳಿದೆ.

ಈಗ ಪಿಕೋ ಪಂಪ್‌ಹೌಸಿನಲ್ಲಿದೆ. ಪೈ 5 ಅವರ ಮನೆಯ ಟೀವಿ ಹಿಂದೆ ಕೂತಿದೆ, ಸಪ್ಲೈ ಮತ್ತು ಕಾರ್ಡ್ ಸಮೇತ. ನಿನ್ನೆ ಮತ್ತೆ ಫೋನ್ ಬಂತು. ಟೀವಿಯ ಎಚ್‌ಡಿಎಂಐ ವೈರ್ ಬೋರ್ಡಿಗೆ ಕೂರುತ್ತಿಲ್ಲವಂತೆ. ಕೂರುವುದಿಲ್ಲ, ಅದಕ್ಕೆ ಮೈಕ್ರೋ ಎಚ್‌ಡಿಎಂಐ ಬೇಕು. ಶಿವಮೊಗ್ಗಕ್ಕೆ ಬಂದಾಗ ದುರ್ಗಿಗುಡಿ ಕಡೆ ವಿಚಾರಿಸು ಅಂದಿದ್ದೇನೆ.